ಸ್ಟಿಕ್ ಹಿಡಿದು ಪಳಗಿದ ಕೈ, ಟ್ರೈಕಿನ ಬಾರ್

ನೂರಾರು ಗಂಟೆ ಸಾಮಾನ್ಯ ವಿಮಾನ ಹಾರಿಸಿದವರು, ಬಟ್ಟೆ ರೆಕ್ಕೆಯ ಮೂರು ಗಾಲಿಯ ಗಾಡಿ ತಾನೇ ಅಂತ ಸಲೀಸಾಗಿ ಟ್ರೈಕ್ ಹತ್ತುತ್ತಾರೆ. ಟ್ರೈಕ್ ಅಂದರೆ ಬಟ್ಟೆ ರೆಕ್ಕೆಯ ಕೆಳಗೆ ನೇತಾಡುವ, ಎಂಜಿನ್ ಇರುವ ಪುಟ್ಟ ಹಾರುವ ಗಾಡಿ. ಹೊಸದಾಗಿ ಕಲಿಯುವವರಿಗಿಂತ ಇವರ ಬಗ್ಗೆಯೇ ಹೆಚ್ಚು ಭಯಪಡಬೇಕು.

ವಿಮಾನದಲ್ಲಿ ಸ್ಟಿಕ್ (ನಿಯಂತ್ರಣದ ಕೋಲು) ಎಳೆದರೆ ಮೂತಿ ಮೇಲೇಳುತ್ತದೆ. ಟ್ರೈಕಿನಲ್ಲಿ ಬಾರ್ (ರೆಕ್ಕೆಗೆ ಜೋಡಿಸಿದ ಅಡ್ಡ ಸಲಾಕೆ) ಎಳೆದರೆ ಮೂತಿ ಇಳಿದು ವೇಗ ಏರುತ್ತದೆ, ತಳ್ಳಿದರೆ ಮೂತಿ ಎದ್ದು ವೇಗ ಇಳಿಯುತ್ತದೆ. ಎಡಕ್ಕೆ ತಿರುಗಬೇಕಾದರೆ ಬಾರ್ ಬಲಕ್ಕೆ ಹೋಗಬೇಕು. ನೆಲದ ಮೇಲೆ ಮುಂದಿನ ಚಕ್ರದ್ದೂ ಇದೇ ಕಥೆ: ಬಲಗಾಲು ಒತ್ತಿದರೆ ಗಾಡಿ ಎಡಕ್ಕೆ. ಬಾಯಿಪಾಠ ಮಾಡಲು ಎರಡು ನಿಮಿಷ ಸಾಕು. ಬೆಚ್ಚಿಬಿದ್ದಾಗ ಮಾತ್ರ ಕೈ ಹಳೇ ಅಭ್ಯಾಸಕ್ಕೇ ಓಡುತ್ತದೆ.

ಟೇಕಾಫ್ ಆಗಿ 150 ಅಡಿ ಮೇಲೆ ಎಂಜಿನ್ ನಿಂತಿತು ಅನ್ನಿ. ಟೂ-ಸ್ಟ್ರೋಕ್ ಎಂಜಿನ್ನುಗಳು ಹೇಳದೆ ಕೇಳದೆ ನಿಲ್ಲುವುದುಂಟು. ಗಾಡಿ ಹಗುರ, ಗಾಳಿಯ ತಡೆ ಜಾಸ್ತಿ, ಹಾಗಾಗಿ ಒಂದೆರಡು ಸೆಕೆಂಡಿನಲ್ಲೇ ವೇಗ ಕರಗುತ್ತದೆ. ಪೈಲಟ್‌ಗೆ ಮೂತಿ ಇಳಿಸಬೇಕೆಂದು ಚೆನ್ನಾಗಿ ಗೊತ್ತು. ಕೈ ಮುಂದಕ್ಕೆ ತಳ್ಳುತ್ತದೆ. ಮೂತಿ ಮೇಲೇಳುತ್ತದೆ, ರೆಕ್ಕೆ ಸ್ಟಾಲ್ ಆಗುತ್ತದೆ (ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ), ಚೇತರಿಸಿಕೊಳ್ಳಲು ಎತ್ತರ ಉಳಿದಿರುವುದಿಲ್ಲ. ಇಳಿಯುವಾಗ ಇದರ ತದ್ವಿರುದ್ಧ: ನೆಲ ಒಂದು ಮೀಟರ್ ಇರುವಾಗ ಮೆಲ್ಲಗೆ ತಳ್ಳುವ ಬದಲು ಎಳೆದುಬಿಡುತ್ತಾರೆ. ಮುಂದಿನ ಚಕ್ರ ಮೊದಲು ಬಡಿದು ಗಾಡಿ ಪಲ್ಟಿಯಾಗುತ್ತದೆ.

ಅದಕ್ಕೇ ಆರಂಭದ ಏರಿಕೆ ಕಡಿದಾಗಿರಬಾರದು. ಎಂಜಿನ್ ನಿಂತರೆ ಬಾರ್ ಒಳಕ್ಕೆ, ಇಳಿಯುವುದು ಎದುರಿಗಿರುವ ಜಾಗದಲ್ಲಿ. ರನ್‌ವೇ ಕಡೆಗೆ ಹಿಂದಿರುಗುವ ಆಸೆ ಬೇಡ.

ಇನ್ನೊಂದು ಚಟವಿದೆ. ಕೆಳಗೆ ನಿಂತ ಗೆಳೆಯರ ತಲೆಯ ಮೇಲೆ ತಗ್ಗಿನಲ್ಲಿ ಹಾದು, ಜಿಗಿದೆದ್ದು, ಕಡಿದಾಗಿ ವಾಲಿಸಿ ತಿರುಗುವುದು. 60 ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗುವಾಗ ರೆಕ್ಕೆಯ ಮೇಲಿನ ಭಾರ ಎರಡರಷ್ಟು, ಸ್ಟಾಲ್ ವೇಗ ಸುಮಾರು 1.4 ಪಟ್ಟು. ಗಂಟೆಗೆ 60 ಕಿ.ಮೀ.ಗೆ ಸ್ಟಾಲ್ ಆಗುವ ರೆಕ್ಕೆ ಅಲ್ಲಿ 85ಕ್ಕೇ ಕೈಕೊಡುತ್ತದೆ. ಮೂತಿ ಕುಸಿದು ಸುರುಳಿ ಶುರುವಾದಾಗ ಬಾರ್ ತಳ್ಳಿದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. ಮೊದಲು ಥ್ರಾಟಲ್ (ಎಂಜಿನ್ನಿನ ಕಸುವು) ಇಳಿಸಿ, ರೆಕ್ಕೆ ಸಮ ಮಾಡಿ, ಆಮೇಲೆ ಬಾರನ್ನು ನಿಧಾನವಾಗಿ ಬಿಡಿ. ಈ ಕ್ರಮ ತಪ್ಪಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಮೂತಿ ತೀರಾ ಮೇಲಿದ್ದಾಗ ವೇಗ ಸತ್ತುಹೋಗುವುದು; ಅದೇ ಹೊತ್ತಿಗೆ ಥ್ರಾಟಲ್ ಕಡಿದರೆ ಇನ್ನೂ ಅಪಾಯ. ಟ್ರೈಕಿಗೆ ಬಾಲವಿಲ್ಲ. ಮೂತಿ ಧಡಕ್ಕನೆ ಬಿದ್ದು ಮುಂದಕ್ಕೆ ಉರುಳಬಹುದು. ನೇತಾಡುವ ಭಾರವೇ ನಿಯಂತ್ರಣ; ಆ ಭಾರವೇ ಇಲ್ಲವಾದಾಗ ಬಾರ್ ಎತ್ತ ಎಳೆದರೂ ಅಷ್ಟೇ. ಒಮ್ಮೆ ಉರುಳತೊಡಗಿದರೆ ರೆಕ್ಕೆ ಮುರಿಯುತ್ತದೆ. ಅನೇಕ ಟ್ರೈಕುಗಳ ಕೈಪಿಡಿಯಲ್ಲಿ ಮೂತಿಗೆ 45 ಡಿಗ್ರಿ, ವಾಲಿಕೆಗೆ 60 ಡಿಗ್ರಿ ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ವಿಮಾನದಿಂದ ಟ್ರೈಕಿಗೆ ಬರುವವರು ಬೋಧಕರ ಜೊತೆ ಹಾರುವ ಮೊದಲೇ ನಿಂತ ಗಾಡಿಯಲ್ಲಿ ಕಣ್ಣು ಮುಚ್ಚಿ ಕೂರಬೇಕು. ಯಾರಾದರೂ "ಎಂಜಿನ್ ಹೋಯಿತು" ಎಂದು ಕೂಗಿದಾಗ ಕೈ ಎತ್ತ ಹೋಗುತ್ತದೆ ನೋಡಿ. ಯೋಚಿಸದೆ ಎದೆಯ ಕಡೆ ಬರುವವರೆಗೂ ಅದೇ ಅಭ್ಯಾಸ. ಒಂದೇ ದಿನ ಎರಡನ್ನೂ ಹಾರಿಸುವುದು ಸದ್ಯಕ್ಕೆ ಬಿಡಿ.

ತುರ್ತು ಪ್ಯಾರಾಚೂಟ್ ಇದ್ದರೆ ಅದರ ಸೇಫ್ಟಿ ಪಿನ್ ಹಾರುವ ಮುನ್ನ ಹೊರಬರಲಿ. ಪಿನ್ ಇದ್ದಷ್ಟು ಹೊತ್ತೂ ಹಿಡಿ ಎಳೆದು ಪ್ರಯೋಜನವಿಲ್ಲ. ಎಳೆಯುವ ಮುನ್ನ ಸಾಧ್ಯವಾದರೆ ಎಂಜಿನ್ ಆರಿಸಿ, ಪ್ರೊಪೆಲ್ಲರ್ ಹಿಂದೆಯೇ ಸುತ್ತುತ್ತಿರುತ್ತದೆ.