ಪ್ರೊಸೆಸರ್ ಬದಲಿಸಿದ ಮೇಲೆ ವಿಂಡೋಸ್: ಹಳೆಯದನ್ನು ಉಳಿಸಿಯೂ ನೋಡಿದೆ, ಹೊಸದು ಹಾಕಿಯೂ ನೋಡಿದೆ

ಮದರ್‌ಬೋರ್ಡ್ ಅದೇ ಇದ್ದು ಪ್ರೊಸೆಸರ್ ಮಾತ್ರ ಬದಲಾಗುತ್ತಿದ್ದರೆ ಸಾಮಾನ್ಯವಾಗಿ ವಿಂಡೋಸ್ ಹೊಸದಾಗಿ ಹಾಕಬೇಕಾಗಿಲ್ಲ. ಒಂದೇ ಯಂತ್ರದಲ್ಲಿ ಎರಡೂ ದಾರಿ ಹಿಡಿದು ನೋಡಿದ ಮೇಲೆ ಹೇಳುತ್ತಿದ್ದೇನೆ. ಬೋರ್ಡೂ ಬದಲಾದರೆ ಲೆಕ್ಕವೇ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

‘ಪ್ರೊಸೆಸರ್ ಹೊಸದು ಅಂದರೆ ಫಾರ್ಮ್ಯಾಟ್ ಹೊಡೀಲೇಬೇಕು’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ಪ್ರೊಸೆಸರ್ ಒಂದೇ ಇದೆಯೋ ಹೆಚ್ಚಿವೆಯೋ ಎಂಬುದನ್ನು ಇನ್‌ಸ್ಟಾಲ್ ಮಾಡುವಾಗಲೇ ನೋಡಿ, ಅದಕ್ಕೆ ತಕ್ಕ ಹೆಚ್‌ಎಎಲ್ (ಯಂತ್ರಾಂಶಕ್ಕೂ ವಿಂಡೋಸ್‌ಗೂ ನಡುವಿನ ಪದರ) ಕಡತವನ್ನು ವಿಂಡೋಸ್ ಕೂರಿಸಿಕೊಳ್ಳುತ್ತಿತ್ತು. ಒಂದು ಕೋರ್‌ನಿಂದ ಎರಡು ಕೋರ್‌ಗೆ ಹೋದವರಿಗೆ ಆಗ ನಿಜವಾಗಿಯೂ ತೊಂದರೆ ಇತ್ತು. ಈಗಿನ ವಿಂಡೋಸ್ ಪ್ರತಿ ಸಲ ಶುರುವಾಗುವಾಗಲೂ ಕೋರ್‌ಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಕಾರಣ ಹೋಗಿದೆ, ಮಾತು ಉಳಿದಿದೆ.

ನನ್ನದು ಬಿ450 ಬೋರ್ಡ್, ಎಎಂ4 ಸಾಕೆಟ್. ಅದರಲ್ಲಿ ಇದ್ದದ್ದು 2018ರ ಎಎಂಡಿ ರೈಜನ್ 5 2600: ಆರು ಕೋರ್, ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು). ಈಗ ಅದರ ಜಾಗಕ್ಕೆ ಬಂದದ್ದು 2022ರ ರೈಜನ್ 7 5700ಎಕ್ಸ್: ಎಂಟು ಕೋರ್, ಹದಿನಾರು ಥ್ರೆಡ್, ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 16ರ ಬದಲು 32 ಎಂಬಿ. ಎರಡೂ 65 ವ್ಯಾಟಿನವೇ. 5700ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಕೊಳ್ಳುವಾಗ ಆ ಖರ್ಚನ್ನೂ ಸೇರಿಸಿಕೊಳ್ಳಿ. ಹಳೆಯ ವಿಂಡೋಸ್ 11 ಅನ್ನು ಇದ್ದ ಹಾಗೇ ಒಂದು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆ. ಅದೇ ಮಾದರಿಯ ಇನ್ನೊಂದರಲ್ಲಿ ವಿಂಡೋಸ್ ಹೊಸದಾಗಿ ಹಾಕಿದೆ. ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಅವೇ.

ಯಾವ ದಾರಿ ಹಿಡಿದರೂ ತಪ್ಪದ ಕೆಲಸ ಎರಡಿವೆ. ಮೊದಲನೆಯದು ಬಯೋಸ್ (ಯಂತ್ರವನ್ನು ಶುರು ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್. ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿರುವಾಗಲೇ ಇದನ್ನು ಮುಗಿಸಬೇಕು. ಬಿ450ಯಂಥ 400 ಸರಣಿಯ ಬೋರ್ಡುಗಳು ಬಂದದ್ದು ರೈಜನ್ 5000ಕ್ಕಿಂತ ಎಷ್ಟೋ ಮುಂಚೆ, ಹಳೆಯ ಬಯೋಸ್‌ಗೆ ಹೊಸ ಚಿಪ್ಪಿನ ಪರಿಚಯವೇ ಇರುವುದಿಲ್ಲ. ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ. ಎಎಂಡಿ ಯಂತ್ರಗಳಲ್ಲಿ ಅದರ ಕೀಲಿ ಕಾಯುವ ಎಫ್‌ಟಿಪಿಎಂ ಪ್ರೊಸೆಸರ್ ಜೊತೆಗೇ ಕೂಡಿಕೊಂಡಿರುತ್ತದೆ. ಚಿಪ್ ಬದಲಿಸಿ ಸ್ವಿಚ್ ಒತ್ತಿದಾಗ ಕಪ್ಪು ತೆರೆಯ ಮೇಲೆ ‘ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲೇ’ ಎಂದು ಕೇಳುತ್ತದೆ. ವೈ ಒತ್ತಿದರೆ ಅದರೊಳಗಿದ್ದ ಕೀಲಿಗಳು ಹೋಗುತ್ತವೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಬಾಗಿಲು ತೆಗೆಯುವುದಿಲ್ಲ. ‘ನಾನು ಎನ್‌ಕ್ರಿಪ್ಟ್ ಮಾಡಿಯೇ ಇಲ್ಲ’ ಎಂದು ನಂಬಿ ಕೂರಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಅದು ತಾನಾಗಿಯೇ ಶುರುವಾಗಿರಬಹುದು. ಬಿಚ್ಚುವ ಮೊದಲು ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ. ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಎಎಂ4 ಚಿಪ್ಪಿನ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ಒಣಗಿದ ಥರ್ಮಲ್ ಪೇಸ್ಟ್ ಹಿಡಿದುಕೊಂಡಿದ್ದರೆ ಕೂಲರ್ ಎತ್ತಿದಾಗ ಚಿಪ್ಪೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ. ಸ್ವಲ್ಪ ಹೊತ್ತು ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಮೆಲ್ಲಗೆ ತಿರುವಿ ಬಿಡಿಸಿ.

ಹಳೆಯ ವಿಂಡೋಸ್ ಇದ್ದ ಡಿಸ್ಕ್ ಮೊದಲ ಸಲ ಶುರುವಾಗಲು ಎಂದಿಗಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡಿತು, ಅಷ್ಟೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹದಿನಾರು ಥ್ರೆಡ್ ಕಂಡವು. ಆಕ್ಟಿವೇಶನ್‌ಗೆ ಏನೂ ಆಗಲಿಲ್ಲ, ಏಕೆಂದರೆ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ನೆಚ್ಚಿಕೊಂಡಿರುವುದು ಬೋರ್ಡನ್ನು. ಲಾಗಿನ್ ಪಿನ್ ಮಾತ್ರ ಹೋಗಿತ್ತು, ಪಾಸ್‌ವರ್ಡ್ ಕೊಟ್ಟು ಮತ್ತೆ ಇಟ್ಟುಕೊಂಡೆ. ಎಎಂಡಿಯ ಹೊಸ ಚಿಪ್‌ಸೆಟ್ ಡ್ರೈವರ್ (ಬೋರ್ಡನ್ನೂ ಪ್ರೊಸೆಸರನ್ನೂ ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಹಾಕಿದೆ. ಪವರ್ ಪ್ಲಾನ್‌ಗಳಲ್ಲಿ ಹಳೆಯ ‘ರೈಜನ್ ಬ್ಯಾಲೆನ್ಸ್‌ಡ್’ ಇನ್ನೂ ಕೂತಿತ್ತು, ಅದನ್ನು ಬಿಟ್ಟು ವಿಂಡೋಸ್‌ನದೇ ಬ್ಯಾಲೆನ್ಸ್‌ಡ್ ಆರಿಸಿದೆ. ಕೆಲಸ ಮುಗಿಯಿತು.

ಹೊಸ ವಿಂಡೋಸ್ ಹಾಕುವುದೂ ಕಷ್ಟವಲ್ಲ, ಬೇಗ ಆಗುತ್ತದೆ. ಕಷ್ಟವಿರುವುದು ಆಮೇಲೆ. ಕನ್ನಡ ಟೈಪಿಂಗಿಗೆ ನುಡಿ ತಂತ್ರಾಂಶ ಹಾಕಬೇಕು, ಹಳೆಯ ಕಡತಗಳು ಓದಲು ಬರುವಂತೆ ಅದರ ಯೂನಿಕೋಡ್ ಅಲ್ಲದ ಫಾಂಟುಗಳೂ ಬೇಕು. ಪ್ರಿಂಟರ್, ಸ್ಕ್ಯಾನರ್ ಡ್ರೈವರ್ ಹುಡುಕಬೇಕು. ಡಿಜಿಟಲ್ ಸಿಗ್ನೇಚರ್ ಬಳಸಿ ಜಿಎಸ್‌ಟಿ ಫೈಲ್ ಮಾಡುವವರಿಗೆ ಅದರ ಟೋಕನ್ನಿನ ಡ್ರೈವರ್ ಬೇಕು. ಟ್ಯಾಲಿ ಇದ್ದವರು ಫಾರ್ಮ್ಯಾಟ್ ಮಾಡುವ ಮೊದಲೇ ಲೈಸೆನ್ಸ್ ಸರೆಂಡರ್ ಮಾಡಬೇಕು. ಮನೆಯಲ್ಲೇ ಲೆಕ್ಕಪತ್ರದ ಕೆಲಸ ಮಾಡುವವರಿಗೆ ಇದು ಒಂದು ಸಂಜೆಯಲ್ಲಿ ಮುಗಿಯುವ ಬಾಬತ್ತಲ್ಲ.

ಇಷ್ಟು ಮಾಡಿದ್ದಕ್ಕೆ ವೇಗ ಸಿಕ್ಕಿತೇ? ನನ್ನ ಭಾರದ ಕೆಲಸವೆಂದರೆ ಇಡೀ ರಾತ್ರಿಯ ಯಕ್ಷಗಾನ ರೆಕಾರ್ಡಿಂಗ್‌ಗಳನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪ್ರೋಗ್ರಾಂನಲ್ಲಿ ಎಕ್ಸ್265 ಬಳಸಿ ಕುಗ್ಗಿಸುವುದು. ಅದು ಎಲ್ಲ ಕೋರ್‌ಗಳನ್ನೂ ಚೆನ್ನಾಗಿ ದುಡಿಸುತ್ತದೆ. 2600ಕ್ಕೆ ಹೋಲಿಸಿದರೆ 5700ಎಕ್ಸ್ ಎದ್ದು ಕಾಣುವಷ್ಟು ಬೇಗ ಮುಗಿಸಿತು, ಎರಡೂ ಡಿಸ್ಕಿನಲ್ಲಿ. ಡಿಸ್ಕ್ ಡಿಸ್ಕಿನ ನಡುವೆ ಇದ್ದ ವ್ಯತ್ಯಾಸ, ಒಂದೇ ಡಿಸ್ಕಿನಲ್ಲಿ ಅದೇ ಕೆಲಸ ಮತ್ತೆ ಮಾಡಿದಾಗ ಬರುವ ವ್ಯತ್ಯಾಸದಷ್ಟೇ. ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್‌ನಲ್ಲೂ ಹಾಗೆಯೇ. ಹೊಸ ವಿಂಡೋಸ್ ಗೆದ್ದದ್ದು ಒಂದು ಕಡೆ: ಡೆಸ್ಕ್‌ಟಾಪ್ ಬೇಗ ಬಂತು, ಸುಮ್ಮನಿದ್ದಾಗ ರ್‍ಯಾಮ್ ಕಡಿಮೆ ತಿಂದಿತು. ಹಳೆಯದರಲ್ಲಿ ಸ್ಟಾರ್ಟಪ್ ಪಟ್ಟಿ ತೆರೆದು ಬೇಡದ್ದನ್ನೆಲ್ಲ ಆಫ್ ಮಾಡಿದ ಮೇಲೆ ಆ ಅಂತರವೂ ಬಹುಪಾಲು ಹೋಯಿತು. ಅದು ವರ್ಷಗಳಿಂದ ಕೂಡಿಬಿದ್ದ ಪ್ರೋಗ್ರಾಂಗಳ ಭಾರ, ಪ್ರೊಸೆಸರ್ ಬದಲಿಸಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಬಯೋಸ್ ಅಪ್‌ಡೇಟ್ ಮಾಡಿದಾಗ ಅದರ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತವೆ. ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಆಗುತ್ತದೆ, 3200ರಲ್ಲಿ ಓಡುತ್ತಿದ್ದ ರ್‍ಯಾಮ್ 2133 ಅಥವಾ 2400ಕ್ಕೆ ಇಳಿಯುತ್ತದೆ. ರೈಜನ್‌ನಲ್ಲಿ ಚಿಪ್ಪಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್‌ನ ವೇಗ ರ್‍ಯಾಮ್ ವೇಗಕ್ಕೆ ಹೊಂದಿಕೊಂಡಿರುವುದರಿಂದ ಇಡೀ ಚಿಪ್ಪೇ ಮಂಕಾಗುತ್ತದೆ, ಗೇಮ್‌ಗಳಲ್ಲಿ ಇದು ತಕ್ಷಣ ಗೊತ್ತಾಗುತ್ತದೆ. ಎಸ್‌ವಿಎಂ (ವರ್ಚುವಲೈಸೇಶನ್ ಸೆಟ್ಟಿಂಗ್) ಆಫ್ ಆಗಿ ವರ್ಚುವಲ್ ಮಷೀನ್‌ಗಳು ಏಳುವುದಿಲ್ಲ. ಹಣ ಸುರಿದು ತಂದ ಪ್ರೊಸೆಸರ್ ನಿರೀಕ್ಷೆಯಷ್ಟು ಓಡದಿದ್ದಾಗ ತಪ್ಪು ಹಳೆಯ ವಿಂಡೋಸ್‌ನದೇ ಎನ್ನಿಸುವುದು ಸಹಜ. ಫಾರ್ಮ್ಯಾಟ್ ಹೊಡೆದರೂ ರ್‍ಯಾಮ್ 2133ರಲ್ಲೇ ಇರುತ್ತದೆ! ಮೊದಲು ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ, ಎಸ್‌ವಿಎಂ ಎರಡನ್ನೂ ನೋಡಿ. ವಿಂಡೋಸ್ ಒಳಗೆ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ವಿಭಾಗದ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್ ಸಂಖ್ಯೆಗೆ ಯಾರಾದರೂ ಮಿತಿ ಹಾಕಿದ್ದಾರೆಯೇ ಎಂದೂ ನೋಡಿ. ಹಿಂದೆ ಯಾವುದೋ ವಿಡಿಯೋ ನೋಡಿ 12 ಎಂದು ತುಂಬಿಟ್ಟಿದ್ದರೆ ಹೊಸ ಚಿಪ್ಪಿನ ನಾಲ್ಕು ಥ್ರೆಡ್ ಕೆಲಸಕ್ಕೇ ಬರುವುದಿಲ್ಲ.

ಹಳೆಯ ವಿಂಡೋಸ್ ನಿಜವಾಗಿ ಕೆಟ್ಟಿದ್ದರೆ ಮಧ್ಯದ ದಾರಿಯೂ ಇದೆ. ವಿಂಡೋಸ್‌ನ ಐಎಸ್‌ಓ (ಇನ್‌ಸ್ಟಾಲ್) ಕಡತ ಇಳಿಸಿಕೊಂಡು, ಓಡುತ್ತಿರುವ ವಿಂಡೋಸ್ ಒಳಗಿಂದಲೇ ಸೆಟಪ್ ನಡೆಸಿ, ಕಡತಗಳನ್ನೂ ಪ್ರೋಗ್ರಾಂಗಳನ್ನೂ ಉಳಿಸುವ ಆಯ್ಕೆ ಕೊಟ್ಟರೆ ಸಿಸ್ಟಂ ಕಡತಗಳೆಲ್ಲ ಹೊಸದಾಗುತ್ತವೆ. ನುಡಿ, ಟ್ಯಾಲಿ ಇದ್ದಲ್ಲೇ ಇರುತ್ತವೆ. ‘ರೀಸೆಟ್ ದಿಸ್ ಪಿಸಿ’ ಹಾಗಲ್ಲ. ಅದು ಕಡತ ಉಳಿಸಿದರೂ ಹಾಕಿಕೊಂಡ ಪ್ರೋಗ್ರಾಂಗಳನ್ನು ತೆಗೆದುಬಿಡುತ್ತದೆ.

ಇನ್ನು ಬೋರ್ಡ್ ಬದಲಿಸುವವರ ವಿಷಯ. ತಮ್ಮನ ಹಳೆಯ ಇಂಟೆಲ್ ಯಂತ್ರವನ್ನು ಎಎಂಡಿಗೆ ಬದಲಿಸುವಾಗ ನಾನೇ ಹೊಸದಾಗಿ ಹಾಕಿಕೊಟ್ಟೆ, ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ. ಅವನ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಾಗ ಮಾದರಿಯದು, ಹೊಸ ಬೋರ್ಡಿನ ಯುಇಎಫ್ಐಗೆ (ಹೊಸ ಬಗೆಯ ಬಯೋಸ್) ಬೇಕಾದದ್ದು ಜಿಪಿಟಿ ಮಾದರಿ. ವಿಂಡೋಸ್‌ನ ಎಂಬಿಆರ್2ಜಿಪಿಟಿ ಸಾಧನದಿಂದ ಪರಿವರ್ತಿಸಬಹುದು, ಆದರೆ ಹಳೆಯ ಬೋರ್ಡಿನ ಡ್ರೈವರ್‌ಗಳು ಒಳಗೇ ಉಳಿಯುತ್ತವೆ. ಹಳೆಯ ಬೋರ್ಡಿನಲ್ಲಿ ರೇಡ್ ಅಥವಾ ಇಂಟೆಲ್ ವಿಎಂಡಿ ಮೋಡ್ (ಡಿಸ್ಕುಗಳನ್ನು ನಿರ್ವಹಿಸುವ ವಿಶೇಷ ಬಗೆಗಳು) ಇದ್ದರೆ ಹೊಸದರಲ್ಲಿ ಬೂಟ್ ಡಿಸ್ಕ್ ಸಿಗದೆ ನೀಲಿ ತೆರೆ ಬರುವ ಸಂಭವವೂ ಇದೆ. ಲೈಸೆನ್ಸ್ ರೀಟೇಲ್ (ಬಿಡಿಯಾಗಿ ಕೊಂಡದ್ದು) ಆಗಿದ್ದರೆ ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ, ಹೊಸ ಬೋರ್ಡಿಗೆ ಒಯ್ಯಬಹುದು. ಯಂತ್ರದ ಜೊತೆಗೇ ಬಂದ ಓಇಎಂ ಲೈಸೆನ್ಸ್ ಹಳೆಯ ಬೋರ್ಡಿನೊಂದಿಗೇ ಉಳಿಯುತ್ತದೆ.

ಲಿನಕ್ಸ್ ಬಳಸುವವರಿಗೆ ಈ ತಲೆಬಿಸಿ ಕಡಿಮೆ, ಡ್ರೈವರ್‌ಗಳ ಬಹುಭಾಗ ಕರ್ನೆಲ್ ಜೊತೆಗೇ ಬರುತ್ತದೆ. ಉಬುಂಟು ಇದ್ದ ನನ್ನ ಡಿಸ್ಕ್ 5700ಎಕ್ಸ್‌ನಲ್ಲಿ ಏನೂ ಕೇಳದೆ ಎದ್ದಿತು. ಇಂಟೆಲ್‌ನಿಂದ ಎಎಂಡಿಗೆ ಹೋಗುವವರು ಎಎಂಡಿಯ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳ ತಿದ್ದುಪಡಿಗಳ) ಪ್ಯಾಕೇಜ್ ಇದೆಯೇ ಎಂದು ನೋಡಿಕೊಂಡರೆ ಸಾಕು.

ಬೋರ್ಡ್ ಅದೇ ಇದ್ದರೂ ಹೊಸದಾಗಿ ಹಾಕಿ ಎಂದು ನಾನು ಹೇಳುವ ಸಂದರ್ಭ ಒಂದಿದೆ: ರೈಜನ್ 9 7950ಎಕ್ಸ್3ಡಿಯಂಥ ಚಿಪ್ ಹೊಸದಾಗಿ ಹಾಕುವಾಗ ಅಥವಾ ಅದನ್ನು ತೆಗೆದು ಬೇರೆ ಹಾಕುವಾಗ. ಅದರ ಎರಡು ಚಿಪ್ಲೆಟ್‌ಗಳಲ್ಲಿ (ಕೋರ್‌ಗಳಿರುವ ತುಂಡುಗಳಲ್ಲಿ) ಒಂದಕ್ಕೆ ಮಾತ್ರ ಹೆಚ್ಚುವರಿ ಕ್ಯಾಶ್ ಇದೆ. ಗೇಮ್ ಓಡುವಾಗ ಇನ್ನೊಂದರ ಕೋರ್‌ಗಳನ್ನು ಮಲಗಿಸುವ ಕೆಲಸ ಚಿಪ್‌ಸೆಟ್ ಡ್ರೈವರ್‌ನದು. ಆ ಏರ್ಪಾಡು ಹಳೆಯ ವಿಂಡೋಸ್‌ನಲ್ಲಿ ಉಳಿದುಕೊಂಡರೆ ಹೊಸ ಚಿಪ್ಪಿನ ಕೋರ್‌ಗಳನ್ನೂ ಮಲಗಿಸಬಹುದು. ಡ್ರೈವರ್ ತೆಗೆದು ಹಾಕಿದರೂ ಅದು ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ.