ನಂಬರ್ ಪ್ಲೇಟ್ ಇಲ್ಲದ ಸ್ಕೂಟರ್, ಆಮೇಲೆ ಹಸಿರು ಪ್ಲೇಟಿನದು: ಕಾರವಾರದ ರಸ್ತೆಯಲ್ಲಿ ನಾಲ್ಕೂವರೆ ವರ್ಷ

ನಾನು ಪಿಗ್ಮಿ ಸಂಗ್ರಹ ಮಾಡುವವನು. ಮನೆ ಚಿತ್ತಾಕುಲದಲ್ಲಿ, ಕಾಳಿ ನದಿಯ ಆಚೆ ದಡ. ಬೆಳಿಗ್ಗೆ ಸೇತುವೆ ದಾಟಿ ಕೋಡಿಬಾಗ, ಕಾಜುಬಾಗ, ಮಾರ್ಕೆಟ್, ಬೈತಖೋಲ ಎಲ್ಲ ಸುತ್ತಿ ಸಂಜೆ ಮನೆಗೆ. ದಿನಕ್ಕೆ ಸುಮಾರು 40 ಕಿಲೋಮೀಟರ್. ಎರಡು ಎಲೆಕ್ಟ್ರಿಕ್ ಸ್ಕೂಟರ್ ಬಳಸಿದ್ದೇನೆ. ಎರಡರ ಕಂಪನಿ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾಗಿರುವುದು ಕಂಪನಿಯ ವಿಷಯ ಅಲ್ಲ, ಗಾಡಿ ಯಾವ ಜಾತಿಯದು ಎನ್ನುವ ವಿಷಯ.

ಮೊದಲನೆಯದನ್ನು 2021ರ ಜನವರಿಯಲ್ಲಿ ತೆಗೆದುಕೊಂಡೆ. ‘ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸ್ ಬೇಡ’ ಎಂದು ಅಂಗಡಿಯ ಮುಂದೆ ದೊಡ್ಡದಾಗಿ ಬರೆದಿದ್ದರು. ಅದು ಸುಳ್ಳೇನಲ್ಲ. ಕೇಂದ್ರ ಮೋಟಾರು ವಾಹನ ನಿಯಮ 1989ರಲ್ಲಿ ಅಂಥ ವಿನಾಯಿತಿ ಇದೆ. ಮೋಟಾರಿನ ಶಕ್ತಿ 250 ವ್ಯಾಟ್ ಒಳಗಿರಬೇಕು, ವೇಗ ಗಂಟೆಗೆ 25 ಕಿ.ಮೀ. ಒಳಗಿರಬೇಕು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ಮೀರಬಾರದು. ಸರಿಯಾದ ಬ್ರೇಕ್ ಇರಬೇಕು, ಮುಂದೆ ಬಿಳಿ ರಿಫ್ಲೆಕ್ಟರ್, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಇಷ್ಟೆಲ್ಲ ಇದ್ದು, ಅಧಿಕೃತ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಸೈಕಲ್ ಇದ್ದ ಹಾಗೆ.

ಆದರೆ ಡೆಲಿವರಿ ದಿನ ಅಂಗಡಿಯ ಹುಡುಗ ಸೀಟು ಎತ್ತಿ, ಕಂಟ್ರೋಲರ್ (ಮೋಟಾರನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಪಕ್ಕದ ಒಂದು ಸಣ್ಣ ಬಿಳಿ ಪ್ಲಗ್ ತೋರಿಸಿದ. ಒಂದೇ ವೈರು, ಉಗುರಿನಷ್ಟು ಕನೆಕ್ಟರ್. ‘ಇದನ್ನು ಕಿತ್ತರೆ 45ರ ತನಕ ಹೋಗ್ತದೆ ಸರ್, ಎಲ್ಲರೂ ಹಾಗೇ ಮಾಡಿಸ್ತಾರೆ’ ಎಂದು ಹೇಳಿ ಟಕ್ ಅಂತ ಕಿತ್ತೇಬಿಟ್ಟ. ನಾನೂ ಬೇಡ ಅನ್ನಲಿಲ್ಲ. 25ರ ವೇಗದಲ್ಲಿ ಸೇತುವೆ ದಾಟುವುದು ಹೇಗೆ ಎಂಬ ಚಿಂತೆ ನನಗೆ ಇದ್ದೇ ಇತ್ತು. ಅದು ರಾಷ್ಟ್ರೀಯ ಹೆದ್ದಾರಿ 66. ಗೋವಾದಿಂದ ಬರುವ ಲಾರಿಗಳು ಬೆನ್ನಿಗೆ ಅಂಟಿಕೊಂಡೇ ಬರುತ್ತವೆ, ಪಕ್ಕದಿಂದ ಸಮುದ್ರದ ಗಾಳಿ ತಳ್ಳುತ್ತದೆ.

ಆ ಪ್ಲಗ್ ಕಿತ್ತ ಗಳಿಗೆಯಿಂದ ನಾನು ಓಡಿಸುತ್ತಿದ್ದದ್ದು ರಿಜಿಸ್ಟ್ರೇಷನ್ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಇದು ನನಗೆ ಅರ್ಥವಾಗಲು ಒಂದೂವರೆ ವರ್ಷ ಬೇಕಾಯಿತು.

2022ರ ಜುಲೈ. ಜೋರು ಮಳೆ. ಕೋಡಿಬಾಗದ ಹತ್ತಿರ ಒಬ್ಬರು ಮೀನು ಮಾರುವ ಅಜ್ಜಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ರಸ್ತೆ ದಾಟುತ್ತಿದ್ದರು. ಎಲೆಕ್ಟ್ರಿಕ್ ಗಾಡಿಗೆ ಸದ್ದಿಲ್ಲ, ಮಳೆಯ ಸದ್ದಿನಲ್ಲಿ ಕೇಳುವ ಮಾತೇ ಇಲ್ಲ. ನಾನು ಎರಡೂ ಬ್ರೇಕ್ ಒತ್ತಿ ಹಿಡಿದೆ. ನೀರು ಹೊಕ್ಕಿದ್ದ ಡ್ರಮ್ ಬ್ರೇಕ್, 25ಕ್ಕೆಂದು ಮಾಡಿದ್ದು, 40ರಲ್ಲಿ ಹಿಡಿಯಲಿಲ್ಲ. ಹ್ಯಾಂಡಲ್ ತಾಗಿ ಅವರು ಬಿದ್ದರು. ಬಂಗುಡೆ ಎಲ್ಲ ರಸ್ತೆಯ ಮೇಲೆ ಚೆಲ್ಲಿತು. ಅವರ ಬಲಗೈ ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆ ಖರ್ಚು 38 ಸಾವಿರ ನಾನೇ ಕೊಟ್ಟೆ. ಕೊಡಲೇಬೇಕಿತ್ತು. ಆದರೆ ಪ್ಲಾಸ್ಟರ್ ಬಿಚ್ಚುವ ತನಕ ಅವರಿಗೆ ವ್ಯಾಪಾರ ಇಲ್ಲ, ದುಡಿಮೆ ಇಲ್ಲ. ಅದಕ್ಕೆ ನನ್ನ ಕೈಯಲ್ಲಿ ಆದದ್ದು ಸ್ವಲ್ಪ ಮಾತ್ರ. ವಿಚಾರಿಸಲು ಬಂದ ಪೊಲೀಸರು ಕೇಳಿದ ಮೊದಲ ಪ್ರಶ್ನೆ ‘ಇನ್ಶೂರೆನ್ಸ್ ಎಲ್ಲಿ?’ ಥರ್ಡ್ ಪಾರ್ಟಿ ವಿಮೆ ಇದ್ದಿದ್ದರೆ ಆ ಅಜ್ಜಿ ಹಕ್ಕಿನಿಂದ ಪರಿಹಾರ ಕೇಳಬಹುದಿತ್ತು. ನನ್ನ ಜೇಬು, ನನ್ನ ಮನಸ್ಸು ನೋಡಿಕೊಂಡು ಕೂರಬೇಕಿರಲಿಲ್ಲ. ಆ ವಿಮೆ ಇರುವುದು ಗಾಡಿಯವನಿಗಾಗಿ ಅಲ್ಲ, ರಸ್ತೆಯಲ್ಲಿರುವ ಉಳಿದವರಿಗಾಗಿ. ಅಲ್ಲಿಯ ತನಕ ನಾನು ಅದನ್ನು ಸುಮ್ನೆ ಖರ್ಚು ಎಂದುಕೊಂಡಿದ್ದೆ.

ಆ ಗಾಡಿ ಮಾರಲಿಲ್ಲ. ಮಾರಿದರೆ ಇನ್ನೊಬ್ಬರ ಮಗುವಿನ ಕೈಗೆ ಹೋಗುತ್ತಿತ್ತು. ಲೆಡ್ ಆಸಿಡ್ ಬ್ಯಾಟರಿ ಅಷ್ಟರಲ್ಲಿ ಸೋತಿತ್ತು. ಮೊದಲು ಒಂದು ಚಾರ್ಜಿಗೆ 55 ಕಿ.ಮೀ. ಹೋಗುತ್ತಿದ್ದದ್ದು 30ಕ್ಕೆ ಇಳಿದಿತ್ತು. ಬಿಚ್ಚಿ ಗುಜರಿಗೆ ಹಾಕಿದೆ.

ಎರಡನೆಯದು 2023ರ ಮಾರ್ಚ್‌ನಲ್ಲಿ ಬಂತು. ಕೆಎ 30, ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ, ಅಂದರೆ ರಿಜಿಸ್ಟ್ರೇಷನ್ ಆದ ಎಲೆಕ್ಟ್ರಿಕ್ ಗಾಡಿ. ಇಷ್ಟು ವರ್ಷ ಹೆದರಿದ್ದ ‘ಕಾಗದ ಪತ್ರದ ರಗಳೆ’ ಎಷ್ಟಿತ್ತು ಅಂದರೆ, ಹೆಚ್ಚೇನೂ ಇರಲಿಲ್ಲ. ಬ್ಯಾಟರಿ ವಾಹನಗಳಿಗೆ ನೋಂದಣಿ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲೇ ತೆಗೆದುಹಾಕಿದೆ. ಥರ್ಡ್ ಪಾರ್ಟಿ ವಿಮೆ ಹೊಸ ಗಾಡಿಗೆ ಒಟ್ಟಿಗೇ ಐದು ವರ್ಷಕ್ಕೆ ಮಾಡಿಸಬೇಕು. 2022ರ ಜೂನ್‌ನಿಂದ ಬಂದ ದರದಲ್ಲಿ 3ರಿಂದ 7 ಕಿಲೋವ್ಯಾಟ್ ಗಾಡಿಗೆ ವರ್ಷದ ಲೆಕ್ಕ 607 ರೂಪಾಯಿ, 3ರ ಒಳಗಿದ್ದರೆ 457. ಪೆಟ್ರೋಲ್ ಗಾಡಿಗಿಂತ ಶೇ. 15 ಕಡಿಮೆ. ಹೊಗೆ ತಪಾಸಣೆ ಬೇಡವೇ ಬೇಡ. ಆರ್‌ಸಿ, ಲೈಸೆನ್ಸ್ ಎಲ್ಲ ಡಿಜಿಲಾಕರ್‌ನಲ್ಲಿದೆ, ಮಳೆಗೆ ನೆನೆಯುವ ಭಯ ಇಲ್ಲ.

ಬ್ಯಾಟರಿ ವಿಷಯದಲ್ಲೂ ಕಾದದ್ದು ಒಳ್ಳೆಯದೇ ಆಯಿತು. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಸ್ಕೂಟರ್‌ಗಳು ಹೊತ್ತಿ ಉರಿದವಲ್ಲ, ಅದಾದ ಮೇಲೆ ಎಐಎಸ್ 156 ಎಂಬ ಸುರಕ್ಷಾ ಮಾನದಂಡವನ್ನು ಬಿಗಿ ಮಾಡಿದರು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಹಳೇ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ತಯಾರಿಕೆಯ ತಿಂಗಳು ನೋಡಿಯೇ ತೆಗೆದುಕೊಳ್ಳಿ.

ಈಗ ಮೀಟರ್ 31 ಸಾವಿರ ದಾಟಿದೆ. ಒಂದು ಚಾರ್ಜಿಗೆ ಕಂಪನಿ ಹೇಳಿದ್ದು 120 ಕಿ.ಮೀ., ನನಗೆ ಸಿಗುವುದು 85ರಿಂದ 90. ನನಗೆ ಸಾಕು. ಒಮ್ಮೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿದ್ದೆ. ಹತ್ತುವಾಗ ಚಾರ್ಜ್ ನೀರಿನಂತೆ ಖಾಲಿ, ಇಳಿಯುವಾಗ ಸ್ವಲ್ಪ ವಾಪಸ್. ಘಟ್ಟಕ್ಕೆ ಹೋಗುವವರು ಕೆಳಗೇ ಪೂರ್ತಿ ತುಂಬಿಸಿಕೊಳ್ಳಿ. ಬ್ರೇಕ್ ಮಾತ್ರ ಚೆನ್ನಾಗಿದೆ. ಎಡ ಲಿವರ್ ಒತ್ತಿದರೆ ಎರಡೂ ಚಕ್ರ ಒಟ್ಟಿಗೆ ಹಿಡಿಯುತ್ತವೆ, ಒದ್ದೆ ರಸ್ತೆಯಲ್ಲೂ ಗಾಡಿ ನೇರ ನಿಲ್ಲುತ್ತದೆ. ಪ್ರತಿ ಸಲ ನಿಂತಾಗಲೂ ಆ ಜುಲೈ ನೆನಪಾಗುತ್ತದೆ.

ನಮ್ಮ ಕರಾವಳಿಯ ಶತ್ರು ಉಪ್ಪುಗಾಳಿ. ಚಾರ್ಜಿಂಗ್ ಸಾಕೆಟ್ಟಿನ ಪಿನ್‌ಗಳಿಗೆ ಹಸಿರು ಕಿಲುಬು ಬಂದು ಎರಡು ಸಲ ಸ್ವಚ್ಛ ಮಾಡಿಸಿದ್ದೇನೆ. ಮನೆಯಲ್ಲಿ 16 ಆಂಪಿಯರ್ ಪಾಯಿಂಟ್ ಬೇರೆಯೇ ಹಾಕಿಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿದೆ. ಗುಡುಗು ಶುರುವಾದರೆ ಚಾರ್ಜರ್ ಕಿತ್ತಿಡುತ್ತೇನೆ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಗೇ ಬಂದವು. ಆಗ ಗೊತ್ತಾಯಿತು ವೇಗದ ಬೆಲೆ. ಎದುರಿಗೂ ಲಾರಿ, ಹಿಂದೆಯೂ ಲಾರಿ. ಅಲ್ಲಿ 25ರ ಗಾಡಿಯಲ್ಲಿ ಹೋಗುವ ಕಾಲೇಜು ಮಕ್ಕಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಪ್ಲಗ್ ಕಿತ್ತ ಗಾಡಿಯಲ್ಲಿ ಹೋಗುವವರನ್ನು ನೋಡಿದರೆ ಇನ್ನೂ ಜಾಸ್ತಿ. ತಲೆಗೆ ಹೆಲ್ಮೆಟ್ಟೂ ಇರುವುದಿಲ್ಲ, ಸೈಕಲ್ ತಾನೇ ಅಂತ.

ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ. 16 ವರ್ಷದ ಮಗನಿಗೆ ನಿಜವಾದ 25ರ ಗಾಡಿ ಕೊಟ್ಟರೆ ತಪ್ಪಿಲ್ಲ. ಪ್ಲಗ್ ಕಿತ್ತರೆ ಅದು ಮೋಟಾರು ವಾಹನ. ಆಗ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 199ಎ ಕಲಂ ಪ್ರಕಾರ ಪೋಷಕರಿಗೆ 25 ಸಾವಿರ ದಂಡ, ಮೂರು ವರ್ಷದ ತನಕ ಜೈಲು ಆಗಬಹುದು. ಮಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. ಫೋನಿನಲ್ಲಿ ಕಾಯ್ದೆ ತೆರೆದು ತೋರಿಸಿದೆ. ಮರುದಿನ ಸಂಜೆ ಇಬ್ಬರೂ ಸೇರಿ ಅವರ ಮನೆಯ ಗಾಡಿಯ ಸೀಟು ಎತ್ತಿ, ಟಾರ್ಚ್ ಹಿಡಿದು ಆ ಪ್ಲಗ್ ಹುಡುಕಿ ಮತ್ತೆ ಸಿಕ್ಕಿಸಿದೆವು.

ನನ್ನ ಅಭಿಪ್ರಾಯ ಕೇಳಿದರೆ, ಆ ಚಿಕ್ಕ ಗಾಡಿಗಳಿಗೂ ಒಂದು ನಂಬರ್, ಒಂದು ಸಣ್ಣ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಆಗಬೇಕು. 25ರ ವೇಗದಲ್ಲಿ ತಾಗಿದರೂ ವಯಸ್ಸಾದವರ ಮೂಳೆ ಮುರಿಯುತ್ತದೆ, ಅಲ್ವಾ?

ಹಸಿರು ಪ್ಲೇಟಿನ ಗಾಡಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಸರ್ವೀಸಿಗಾಗಿ. ಒಂದು ಬ್ರೇಕ್ ಪ್ಯಾಡ್ ಬರಲು 19 ದಿನ ಕಾಯಿಸಿದರು, ಅದೂ ಮಳೆಗಾಲದಲ್ಲಿ. ಆ 19 ದಿನ ಬಸ್ಸಿನಲ್ಲಿ ಓಡಾಡಿದೆ. ಈಗ ಒಂದು ಜೋಡಿ ಪ್ಯಾಡ್ ಮೊದಲೇ ತರಿಸಿ ಮನೆಯಲ್ಲಿಟ್ಟಿದ್ದೇನೆ.