ಎರಡು ವರ್ಷ 'ಚಿಕ್ಕದು ಮೊದಲು' ಶೆಡ್ಯೂಲರ್ ಜೊತೆ: 118ನೇ ಜಾಬ್ ಇನ್ನೂ ಮರೆತಿಲ್ಲ

ನಾವು ಐದು ಜನ ಒಂದೇ ಸರ್ವರ್ ಹಂಚಿಕೊಂಡಿದ್ದೇವೆ. ಇನ್ನೊಂದು ತರುವಷ್ಟು ಬಜೆಟ್ ಇಲ್ಲ. ಅದಕ್ಕೇ ಎರಡು ವರ್ಷದ ಹಿಂದೆ, ಜಾಬ್‌ಗಳ (ಸರ್ವರ್‌ಗೆ ಕೊಡುವ ಕೆಲಸಗಳ) ಸರದಿ ನಿರ್ಧರಿಸುವ ಶೆಡ್ಯೂಲರ್‌ನ ಕ್ಯೂ ನಿಯಮ ಬದಲಾಯಿಸಿದೆ. ಮೊದಲು ಬಂದವರಿಗೆ ಮೊದಲು ಅನ್ನುವುದನ್ನು ಬಿಟ್ಟು, ಯಾವ ಜಾಬ್‌ನಲ್ಲಿ ಬಾಕಿ ಕೆಲಸ ಎಲ್ಲಕ್ಕಿಂತ ಕಡಿಮೆಯೋ ಅದು ಮೊದಲು. ತಿಳಿದವರು ಇದನ್ನು ಎಸ್‌ಆರ್‌ಪಿಟಿ (ಶಾರ್ಟೆಸ್ಟ್ ರಿಮೇನಿಂಗ್ ಪ್ರೊಸೆಸಿಂಗ್ ಟೈಮ್) ಅನ್ನುತ್ತಾರೆ.

ಮೊದಲ ದಿನವೇ ಮನಸೋತೆ. 60 ನಿಮಿಷದ ಒಂದು ರೆಂಡರ್ (ಕಂಪ್ಯೂಟರ್‌ನಲ್ಲಿ ಚಿತ್ರ ತಯಾರಿಸುವ ಕೆಲಸ), ಅದರ ಬೆನ್ನಿಗೇ 2 ನಿಮಿಷದ ಮೂರು ಚಿಲ್ಲರೆ ಕೆಲಸ. ಹಳೇ ಪದ್ಧತಿಯಾಗಿದ್ದರೆ 60, 62, 64, 66ನೇ ನಿಮಿಷಕ್ಕೆ ಮುಗಿಯುತ್ತಿದ್ದವು, ಸರಾಸರಿ 63. ಈಗ 2, 4, 6, 66. ಸರಾಸರಿ 19.5! ರೆಂಡರ್‌ಗೆ ತಡವಾಗಿದ್ದು ಬರೀ 6 ನಿಮಿಷ. ಮುಂದೆ ಏನು ಬರುತ್ತದೆ ಅಂತ ಈ ನಿಯಮಕ್ಕೆ ಗೊತ್ತೇ ಇಲ್ಲ. ಆದರೂ ಯಂತ್ರ ಒಂದೇ ಇದ್ದು, ಕೆಲಸವನ್ನು ನಡುವೆ ನಿಲ್ಲಿಸಿ ಮತ್ತೆ ಶುರುಮಾಡಲು ಬಂದರೆ, ಸರಾಸರಿಯಲ್ಲಿ ಇದನ್ನು ಮೀರಿಸಲು ಭವಿಷ್ಯ ಬಲ್ಲವನಿಗೂ ಆಗದು. ಸಂಶೋಧಕ ಲೈನಸ್ ಶ್ರೇಗ್ 1968ರಲ್ಲೇ ಇದನ್ನು ಸಾಧಿಸಿ ತೋರಿಸಿದ್ದಾರೆ.

ಬೆಳಿಗ್ಗೆ ಮೇಲ್ ನೋಡುವ ಮೊದಲೇ ಕ್ಯೂ ಪಟ್ಟಿ ತೆರೆಯುವುದು ನನಗೆ ಚಟವಾಯಿತು. ರಾತ್ರಿ ಉದ್ದವಿದ್ದ ಪಟ್ಟಿ ನಾಲ್ಕೈದು ಸಾಲಿಗೆ ಇಳಿದಿರುತ್ತಿತ್ತು. ಅದನ್ನು ಸುಮ್ನೆ ನೋಡುತ್ತಾ ಕೂರುವುದೇ ಒಂದು ಸುಖ.

ಆಮೇಲೆ ಬಂತು 118ನೇ ಜಾಬ್. ನನ್ನದೇ ಜಾಬ್, 6 ಗಂಟೆಯದು. ಸೋಮವಾರ ಹಾಕಿದೆ. ಸ್ವಲ್ಪ ಓಡುವುದು, ಅಷ್ಟರಲ್ಲಿ ಯಾರದೋ 5 ನಿಮಿಷದ ಕೆಲಸ ಬರುವುದು, ಇದು ಪಕ್ಕಕ್ಕೆ. ಗುರುವಾರ ಸಂಜೆಯೂ ಅಲ್ಲೇ ಇತ್ತು. ಯಾರನ್ನು ಬೈಯುವುದು? ನಿಯಮದಲ್ಲಿ ತಪ್ಪೇ ಇಲ್ಲ, ಸರಾಸರಿ ಚೆನ್ನಾಗಿಯೇ ಇದೆ. ಆ ಸರಾಸರಿಯೊಳಗೆ ಹೂತು ಹೋಗಿದ್ದು ನಾನು, ಅಷ್ಟೇ.

ಸಿಟ್ಟಿಗೆ ಅದನ್ನು ಹತ್ತತ್ತು ನಿಮಿಷದ 36 ತುಂಡು ಮಾಡಿ ಮತ್ತೆ ಹಾಕಿದೆ. ತುಂಡುಗಳು ಸರಾಗವಾಗಿ ನುಗ್ಗಿದವು. ವಾರದೊಳಗೆ ಎಲ್ಲರೂ ಕಲಿತರು. 40 ನಿಮಿಷದ ಕೆಲಸಕ್ಕೆ 10 ಅಂತ ಬರೆಯುವವರೂ ಹುಟ್ಟಿಕೊಂಡರು. ಗಾತ್ರವನ್ನು ನಾವೇ ಹೇಳಬೇಕಾದ ಕಡೆ ಸುಳ್ಳಿಗೇ ಲಾಭ ಜಾಸ್ತಿ, ಅಲ್ವಾ?

ಕೊನೆಗೆ ಒಂದು ಸಣ್ಣ ಲೆಕ್ಕ ಸೇರಿಸಿದೆ. ಕಾದ ಪ್ರತಿ ಗಂಟೆಗೆ ಜಾಬ್‌ನ ಗಾತ್ರದಿಂದ 15 ನಿಮಿಷ ಕಳೆಯುವುದು. 6 ಗಂಟೆಯ ಜಾಬ್ 24 ಗಂಟೆ ಕಾದರೆ ಲೆಕ್ಕದಲ್ಲಿ ಸೊನ್ನೆ, ಆಮೇಲೆ ಹೊಸದಾಗಿ ಬಂದ ಯಾವ ಚಿಲ್ಲರೆ ಕೆಲಸವೂ ಅದನ್ನು ದಾಟಲಾರದು. ಬರೆದ ಅಂದಾಜು ಸಮಯ ಮೀರಿದ ಜಾಬ್ ಕ್ಯೂನ ಕೊನೆಗೆ ಹೋಗುತ್ತದೆ, ಹಾಗಾಗಿ ಸುಳ್ಳೂ ಕಡಿಮೆಯಾಯಿತು. ಸರಾಸರಿ ಸ್ವಲ್ಪ ಕೆಟ್ಟಿದೆ, ನನಗೆ ಬೇಜಾರಿಲ್ಲ. ಸರ್ವರ್‌ಗೆ ಉಸಿರಾಡಲೂ ಬಿಡುವಿಲ್ಲದ ದಿನ ಮಾತ್ರ ಯಾವ ನಿಯಮ ಹಾಕಿದರೂ ಯಾರಾದರೊಬ್ಬರು ಕಾಯಲೇಬೇಕು. ಅಂಥ ದಿನ ನಾನು ಪಟ್ಟಿ ತೆರೆಯುವುದೇ ಇಲ್ಲ.

ಸದ್ಯ ನನ್ನದೊಂದು 9 ಗಂಟೆಯ ರೆಂಡರ್ ಕ್ಯೂನಲ್ಲಿದೆ. ತುಂಡು ಮಾಡಿಲ್ಲ, ಗಾತ್ರವನ್ನೂ ಸರಿಯಾಗಿಯೇ ಬರೆದಿದ್ದೇನೆ. ನಿನ್ನೆ 14ನೇ ಸಾಲಿನಲ್ಲಿತ್ತು, ಈಗ ಮೂರನೆಯದು.